ರಂಗದಿಂದ ಇಳಿದು ಬಂದ ಬೈಗುಳ

ಆಡುವ ಮಾತು ಒಂದು, ನಡೆಯುವ ದಾರಿ ಮತ್ತೊಂದು ಎಂಬಂತೆ ಬಾಳುವವನನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಡಾಂಭಿಕ, ಕಪಟಿ, ಸೋಗಲಾಡಿ, ಗೋಮುಖವ್ಯಾಘ್ರ, ಬಕಧ್ಯಾನಿ, ಆಷಾಢಭೂತಿ, ವೇಷಧಾರಿ ಎಂದು ಎಣಿಸುತ್ತ ಹೋದರೆ, ಒಂದರಲ್ಲಿ ಹಕ್ಕಿ, ಒಂದರಲ್ಲಿ ಹುಲಿ, ಒಂದರಲ್ಲಿ ಕಥೆಯೊಳಗಿನ ಕಳ್ಳ, ಒಂದರಲ್ಲಿ ಬಣ್ಣ ಹಚ್ಚಿಕೊಂಡ ಕಲಾವಿದ, ಹೀಗೆ ಪ್ರತಿ ಪದದ ಹಿಂದೆಯೂ ಒಂದು ಚಿತ್ರ ನಿಂತಿರುವುದು ಕಾಣುತ್ತದೆ. ಇಷ್ಟಿದ್ದೂ ಈಚಿನ ಕನ್ನಡ ಚರ್ಚೆಗಳಲ್ಲಿ 'ಹಿಪಾಕ್ರಸಿ' ಎಂಬ ಇಂಗ್ಲಿಷ್ ಪದವೇ ಕನ್ನಡ ಲಿಪಿಯನ್ನು ತೊಟ್ಟು ಧಾರಾಳವಾಗಿ ಓಡಾಡುತ್ತಿರುವುದರಿಂದ, ಆ ಪದ ಯಾವ ಮನೆಯದು, ಯಾವ ದಾರಿಯಲ್ಲಿ ನಡೆದು ಈ ಅರ್ಥಕ್ಕೆ ಬಂದು ಮುಟ್ಟಿತು, ಕನ್ನಡದ ಪದಗಳೊಂದಿಗೆ ಅದಕ್ಕೆ ಎಂಥ ನಂಟು ಎಂದು ವಿಚಾರಿಸುವುದು ಅಗತ್ಯವಾಗಿದೆ. ವಿಚಾರಿಸಿದಾಗ ತಿಳಿಯುವ ಮೊದಲ ಸಂಗತಿಯೆಂದರೆ, ಹುಟ್ಟುವಾಗ ಅದು ಬೈಗುಳವಾಗಿರಲಿಲ್ಲ.

ಇಂಗ್ಲಿಷ್ ಪದದ ಬೇರು ಇರುವುದು 'ಹುಪೊಕ್ರಿನೆಸ್ಥಾಯ್' ಎಂಬ ಗ್ರೀಕ್ ಕ್ರಿಯಾಪದದಲ್ಲಿ. 'ಹುಪೊ' ಎಂದರೆ ಕೆಳಗೆ ಅಥವಾ ಅಡಿಯಲ್ಲಿ. 'ಕ್ರಿನೊ' ಎಂದರೆ ಬೇರ್ಪಡಿಸು, ವಿವೇಚಿಸು, ತೀರ್ಮಾನಿಸು. ಮೊರದಲ್ಲಿ ಕೇರಿ ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುವ ಕೆಲಸವನ್ನು ನೆನೆದರೆ ಈ ಧಾತುವಿನ ಜೀವ ಕೈಗೆ ಸಿಗುತ್ತದೆ. ವಿಮರ್ಶಕನನ್ನು ಹೇಳುವ 'ಕ್ರಿಟಿಕ್', ಬಿಕ್ಕಟ್ಟನ್ನು ಹೇಳುವ 'ಕ್ರೈಸಿಸ್' ಎರಡೂ ಇದೇ ಧಾತುವಿನ ಮಕ್ಕಳು. ಹೋಮರನ ಕಾವ್ಯಗಳಲ್ಲಿ ಈ ಕ್ರಿಯಾಪದಕ್ಕೆ ಕನಸು, ಶಕುನಗಳ ಅರ್ಥವನ್ನು ಬಿಡಿಸಿ ಹೇಳುವುದು ಎಂಬ ಅರ್ಥವಿದೆ. 'ಒಡಿಸ್ಸಿ'ಯ 19ನೆಯ ಸರ್ಗದಲ್ಲಿ, ಮನೆಯಂಗಳದಲ್ಲಿ ಗೋಧಿ ತಿನ್ನುತ್ತಿದ್ದ 20 ಹೆಬ್ಬಾತುಗಳನ್ನು ಬೆಟ್ಟದಿಂದ ಹಾರಿಬಂದ ಹದ್ದೊಂದು ಕೊಂದುಹಾಕಿದ ಕನಸನ್ನು ಪೆನೆಲೊಪಿ ಒಬ್ಬ ಪರದೇಶಿಯ ಮುಂದೆ ಹೇಳಿ, ಇದರ ಅರ್ಥವನ್ನು ಬಿಡಿಸಬೇಕೆಂದು ಕೇಳಿಕೊಳ್ಳುವ ಮಾತಿನಲ್ಲಿ ಬರುವುದು ಇದೇ ಪದ. ಆ ಪರದೇಶಿ ಬೇರೆ ಯಾರೂ ಅಲ್ಲ, ಭಿಕ್ಷುಕನ ವೇಷದಲ್ಲಿ ಕುಳಿತಿರುವ ಅವಳ ಗಂಡ ಒಡಿಸ್ಯೂಸ್. ಮುಂದೆ ಸಾವಿರಾರು ವರ್ಷ ವೇಷದ ಹಣೆಪಟ್ಟಿಯನ್ನು ಹೊರಬೇಕಾದ ಪದವೊಂದು, ಸತ್ಯವನ್ನು ಬಿಡಿಸಿ ಹೇಳು ಎಂಬ ಅರ್ಥದಲ್ಲಿ, ವೇಷ ಮರೆಸಿಕೊಂಡವನ ಎದುರಿಗೇ ಉಚ್ಚಾರಗೊಂಡಿರುವುದು ಪದಗಳ ಚರಿತ್ರೆಯಲ್ಲಿ ಅಪರೂಪವಾಗಿ ಸಿಗುವ ಯೋಗ.

ಅಥೆನ್ಸಿನಲ್ಲಿ ನಾಟಕ ಬೆಳೆದಾಗ 'ಹುಪೊಕ್ರಿಟೆಸ್' ಎಂಬುದು ನಟನ ಹೆಸರಾಯಿತು. ಮೇಳದವರು ಹಾಡಿ ಕೇಳಿದ್ದಕ್ಕೆ ಉತ್ತರ ಕೊಡುವವನಾದ್ದರಿಂದ ಈ ಹೆಸರು ಬಂತೆಂದು ಕೆಲವು ವಿದ್ವಾಂಸರೂ, ಕವಿಯ ಮಾತಿನ ಅರ್ಥವನ್ನು ಜನರೆದುರು ಬಿಡಿಸಿ ತೋರುವವನಾದ್ದರಿಂದ ಬಂತೆಂದು ಬೇರೆ ಕೆಲವರೂ ವಾದಿಸುತ್ತಾರೆ; ಎರಡರಲ್ಲಿ ಯಾವುದನ್ನು ಒಪ್ಪಿದರೂ ಪದದಲ್ಲಿ ವಂಚನೆಯ ಸೋಂಕು ಇರಲಿಲ್ಲವೆಂಬುದು ಸ್ಪಷ್ಟ. ಮೇಳದಿಂದ ಬೇರೆಯಾಗಿ ನಿಂತು ಮಾತಾಡಿದ ಮೊದಲ ನಟ ಥೆಸ್ಪಿಸ್ ಎಂಬುದು ಪರಂಪರೆಯ ನಂಬಿಕೆ. ಎರಡನೆಯ ನಟನನ್ನು ಈಸ್ಕಿಲಸನೂ ಮೂರನೆಯವನನ್ನು ಸೊಫೊಕ್ಲಿಸನೂ ತಂದರೆಂದು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಮೂವರೇ ನಟರು ನಾಟಕದ ಎಲ್ಲ ಪಾತ್ರಗಳನ್ನೂ, ಹೆಂಗಸರ ಪಾತ್ರಗಳನ್ನು ಸೇರಿಸಿ, ನಿರ್ವಹಿಸಬೇಕಾಗಿದ್ದ ಆ ರಂಗಭೂಮಿಯಲ್ಲಿ ಮೊಗವಾಡವಿಲ್ಲದೆ ಆಟ ಸಾಗುವಂತಿರಲಿಲ್ಲ. ಅದು ಮೊಗವಾಡವೆಂಬುದನ್ನು ಮೆಟ್ಟಿಲುಗಳ ಮೇಲೆ ಕುಳಿತ ಒಬ್ಬೊಬ್ಬ ಪ್ರೇಕ್ಷಕನೂ ಬಲ್ಲವನಾಗಿದ್ದ. ಕ್ರಿ.ಪೂ. 449ರ ಸುಮಾರಿಗೆ ದಿಯೊನಿಸಸನ ಉತ್ಸವದಲ್ಲಿ ದುರಂತನಾಟಕದ ನಟರಿಗೆಂದೇ ಪ್ರತ್ಯೇಕ ಬಹುಮಾನ ಏರ್ಪಟ್ಟಿತು. ಭಾಷಣಕಾರನ ದನಿಯ ಏರಿಳಿತ ಮತ್ತು ಮಾತಿನ ಸಾದರಪಡಿಸುವಿಕೆಯನ್ನು ಅರಿಸ್ಟಾಟಲ್ ತನ್ನ ವಾಗ್ಮಿತೆಯ ಗ್ರಂಥದಲ್ಲಿ 'ಹುಪೊಕ್ರಿಸಿಸ್' ಎಂದೇ ಕರೆಯುತ್ತಾನೆ.

ಪದಕ್ಕೆ ಕಲೆ ತಗುಲಿದ್ದು ರಂಗದ ಮೇಲಲ್ಲ, ನ್ಯಾಯಸಭೆಯಲ್ಲಿ. ಕ್ರಿ.ಪೂ. 330ರಲ್ಲಿ ಡೆಮಾಸ್ಥೆನಿಸ್ ತನ್ನ ಎದುರಾಳಿ ಈಸ್ಕಿನಿಸನಿಗೆ ಉತ್ತರವಾಗಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ, ಈಸ್ಕಿನಿಸ್ ಹಿಂದೆ ನಟನಾಗಿದ್ದುದನ್ನು, ಅದರಲ್ಲೂ ಮೂರನೆಯ ದರ್ಜೆಯ ನಟನಾಗಿದ್ದುದನ್ನು ಮತ್ತೆ ಮತ್ತೆ ಎತ್ತಿ ಆಡುತ್ತಾನೆ. ಈತ ಸಭೆಯಲ್ಲಿಯೂ ಪಾತ್ರವನ್ನೇ ಕಟ್ಟುತ್ತಿದ್ದಾನೆ ಎಂಬುದು ಅವನ ಆರೋಪದ ತಿರುಳು. ರಂಗದಲ್ಲಿ ಮೆಚ್ಚುಗೆಗೆ ಕಾರಣವಾದ ಕೌಶಲವೇ ನ್ಯಾಯಾಧೀಶರ ಮುಂದೆ ಅಪರಾಧವಾಗುವುದೇಕೆ ಎಂಬ ಪ್ರಶ್ನೆಗೆ ಈ ಪ್ರಸಂಗದಲ್ಲೇ ಉತ್ತರವಿದೆ. ರಂಗದ ಮುಂದೆ ಕುಳಿತವರು ಆಟ ನೋಡಲು ಬಂದವರು. ಸಭೆಯಲ್ಲಿ ಕುಳಿತವರು ನಿಜವನ್ನು ತಿಳಿದು ತೀರ್ಪು ಕೊಡಲು ಬಂದವರು. ಅಭಿನಯ ಎರಡು ಕಡೆಯೂ ಒಂದೇ ಆಗಿದ್ದರೂ, ನೋಡುವವನು ಯಾವುದಕ್ಕೆ ಒಪ್ಪಿ ಬಂದಿದ್ದಾನೆ ಎಂಬುದು ಬೇರೆಯಾದಾಗ ಅದರ ನೀತಿಯೂ ಬೇರೆಯಾಗುತ್ತದೆ.

ನೈತಿಕ ಖಂಡನೆಯ ಅರ್ಥವನ್ನು ಪದಕ್ಕೆ ಖಾಯಂ ಮಾಡಿದ್ದು ಯಹೂದಿ ಮತ್ತು ಕ್ರೈಸ್ತ ಧರ್ಮಗ್ರಂಥಗಳ ಗ್ರೀಕ್ ಭಾಷೆ. ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕಿಗೆ ತಂದವರು ಯೋಬನ ಗ್ರಂಥದಲ್ಲಿ, ದೈವಭಯವಿಲ್ಲದ ಭ್ರಷ್ಟನನ್ನು ಹೇಳುವ 'ಹಾನೇಫ್' ಎಂಬ ಪದಕ್ಕೆ 'ಹುಪೊಕ್ರಿಟೆಸ್' ಎಂದು ಬರೆದರು. ಸುವಾರ್ತೆಗಳಲ್ಲಿ ಈ ಪದ ಯೇಸುವಿನ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ, ತುತ್ತೂರಿ ಊದಿಸಿ ದಾನ ಮಾಡುವವರನ್ನೂ, ಬೀದಿಯ ಮೂಲೆಗಳಲ್ಲಿ ಜನರ ಕಣ್ಣಿಗೆ ಬೀಳುವಂತೆ ಪ್ರಾರ್ಥಿಸುವವರನ್ನೂ, ಉಪವಾಸವಿರುವುದು ತಿಳಿಯಲೆಂದು ಮುಖವನ್ನು ವಿಕಾರ ಮಾಡಿಕೊಳ್ಳುವವರನ್ನೂ ಅವನು ಇದೇ ಹೆಸರಿನಿಂದ ಕರೆದು, ಅವರಿಗೆ ಬರಬೇಕಾದ ಫಲ ಬಂದಾಯಿತು ಎನ್ನುತ್ತಾನೆ. ಇಲ್ಲಿನ ಎರಡು ಗ್ರೀಕ್ ಪದಗಳನ್ನು ಹತ್ತಿರದಿಂದ ನೋಡಬೇಕು. ಮುಖಕ್ಕೆ ಬಳಕೆಯಾಗಿರುವ 'ಪ್ರೊಸೊಪೊನ್' ಎಂಬ ಪದಕ್ಕೆ ಗ್ರೀಕಿನಲ್ಲಿ ಮುಖ ಎಂಬ ಅರ್ಥವೂ ಉಂಟು, ರಂಗದ ಮೊಗವಾಡ ಎಂಬ ಅರ್ಥವೂ ಉಂಟು. ಫಲ ಬಂದಾಯಿತು ಎಂಬುದಕ್ಕೆ ಬಳಕೆಯಾಗಿರುವ 'ಅಪೆಖೊ' ಎಂಬ ಕ್ರಿಯಾಪದವು ಆ ಕಾಲದ ವ್ಯಾಪಾರಿಗಳು ರಸೀದಿಗಳಲ್ಲಿ, ಪೂರ್ತಿ ಹಣ ಸಂದಿದೆ ಎಂದು ಬರೆದುಕೊಡಲು ಬಳಸುತ್ತಿದ್ದ ಮಾತು. ಜನರ ಮೆಚ್ಚುಗೆಗಾಗಿ ಮಾಡಿದ ದಾನಕ್ಕೆ ಜನರ ಮೆಚ್ಚುಗೆಯೇ ಪೂರ್ತಿ ಸಂದಾಯ, ಲೆಕ್ಕ ಅಲ್ಲಿಗೆ ಚುಕ್ತಾ, ದೇವರ ಕಡೆಯಿಂದ ಬಾಕಿ ಏನೂ ಇಲ್ಲ ಎಂಬ ಈ ಕಠಿಣವಾದ ಮಾತಿನಲ್ಲಿ ರಂಗವೂ ಅಂಗಡಿಯೂ ಒಟ್ಟಿಗೆ ಬಂದು ನಿಂತಿವೆ. ಕನ್ನಡ ಬೈಬಲ್ ಈ ಸ್ಥಳಗಳಲ್ಲಿ 'ಕಪಟಿ' ಎಂಬ ಪದವನ್ನು ಆರಿಸಿಕೊಂಡಿದೆ. ಅರ್ಥ ಸರಿಯಾಗಿಯೇ ದಾಟಿದ್ದರೂ ಮೂಲದಲ್ಲಿದ್ದ ನಟ ಆ ದಡದಲ್ಲೇ ಉಳಿದುಕೊಂಡ.

ಲ್ಯಾಟಿನ್, ಫ್ರೆಂಚ್ ಭಾಷೆಗಳ ಮೂಲಕ ಪದ ಇಂಗ್ಲಿಷಿಗೆ ಬಂದು ಸೇರಿದ ದಾರಿಯಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಆದರೆ ಅದರ ಗ್ರೀಕ್ ಮೂಲ ಮರೆತುಹೋದ ಮಧ್ಯಯುಗದಲ್ಲಿ ಹುಟ್ಟಿದ ಒಂದು ತಪ್ಪು ನಿರುಕ್ತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 12ನೆಯ ಶತಮಾನದ ನಿಘಂಟುಕಾರ ಪೀಸಾದ ಉಗುಚ್ಚೋನೆ ಈ ಪದವನ್ನು ಮೇಲೆ ಎಂಬರ್ಥದ ಒಂದು ಪದಕ್ಕೂ ಚಿನ್ನ ಎಂಬರ್ಥದ ಇನ್ನೊಂದಕ್ಕೂ ಒಡೆದು, ಮೇಲೆ ಚಿನ್ನದ ಲೇಪವಿರುವವನು ಎಂದು ಬಿಡಿಸಿದ. ವ್ಯಾಕರಣದ ದೃಷ್ಟಿಯಿಂದ ಇದು ನಿಲ್ಲುವುದಿಲ್ಲ. ಆದರೂ ಡಾಂಟೆ ತನ್ನ ನರಕದ 23ನೆಯ ಸರ್ಗದಲ್ಲಿ ಡಾಂಭಿಕರಿಗೆ ಹೊರಗೆ ಕಣ್ಣು ಕೋರೈಸುವ ಚಿನ್ನದ ಮೆರುಗು, ಒಳಗೆ ಪೂರಾ ಸೀಸ ಇರುವ ನಿಲುವಂಗಿಗಳನ್ನು ತೊಡಿಸಿ, ಆ ಭಾರಕ್ಕೆ ಬಾಗಿ ಅವರು ಅಳುತ್ತ ಹೆಜ್ಜೆ ಎಳೆಯುವಂತೆ ಮಾಡಿದ್ದು ಈ ತಪ್ಪು ನಿರುಕ್ತಿಯ ಬೆಳಕಿನಲ್ಲಿ ಎಂದು ವ್ಯಾಖ್ಯಾನಕಾರರು ಕಾಣುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಕನ್ನಡದ ಗಾದೆ ಒಳಗಿನ ಕೊಳೆತವನ್ನು ಹೇಳಿದರೆ, ಡಾಂಟೆ ಒಳಗಿನ ತೂಕವನ್ನು ಹೇಳುತ್ತಾನೆ. ಸೋಗನ್ನು ಹೊತ್ತು ತಿರುಗುವುದು ಹೊತ್ತವನಿಗೂ ಸುಲಭದ ಕೆಲಸವಲ್ಲವೆಂಬ ಆ ಕಾಣ್ಕೆ ಬಹಳ ದೊಡ್ಡದು.

ಭಾರತದ ಭಾಷೆಗಳಲ್ಲಿಯೂ ಗೌರವದ ಪದವೊಂದು ಬೈಗುಳಕ್ಕೆ ಇಳಿದ ಉದಾಹರಣೆಯಿದೆ, ಅದರ ಕಲ್ಲಿನ ಸಾಕ್ಷಿ ಕರ್ನಾಟಕದ ನೆಲದಲ್ಲೇ ಇದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನದ ಬ್ರಾಹ್ಮೀ ಅಕ್ಷರಗಳು ಕಂಡುಬಂದವು. ಎರಡೂ ಮಗ್ಗುಲಲ್ಲಿ ಬರಹವಿರುವ ಆ ಕಲ್ಲಿನಲ್ಲಿ ಉಳಿದುಬಂದಿರುವ ಭಾಗಗಳಲ್ಲಿ ಅಶೋಕನ 12ನೆಯ ಬಂಡೆಶಾಸನವೂ ಸೇರಿದೆ. ಆ ಶಾಸನದ ವಿಷಯವೇ 'ಪಾಸಂಡ'ಗಳು. ತನ್ನ ಪಾಸಂಡವನ್ನು ಹೊಗಳಿಕೊಳ್ಳುವುದರಲ್ಲೂ ಪರರ ಪಾಸಂಡವನ್ನು ತೆಗಳುವುದರಲ್ಲೂ ನಾಲಿಗೆಗೆ ಹಿಡಿತವಿರಬೇಕು, ಎಲ್ಲರ ಪಾಸಂಡಗಳೂ ಗೌರವಕ್ಕೆ ಅರ್ಹ ಎಂಬುದು ಅದರ ಆಶಯ. ಅಶೋಕನಿಗೆ ಪಾಸಂಡವೆಂದರೆ ಕೇವಲ ಪಂಥ, ಮತಸಮುದಾಯ. ಮುಂದೆ ಸಂಸ್ಕೃತದ ಧರ್ಮಗ್ರಂಥಗಳಲ್ಲಿ 'ಪಾಷಂಡ'ವು ವೇದಬಾಹ್ಯನ ಹೆಸರಾಗಿ, ಕನ್ನಡದಲ್ಲಿ 'ಪಾಷಂಡಿ' ನಿಂದೆಯ ಮಾತಾಗಿ, ಹಿಂದಿಯಲ್ಲಿ 'ಪಾಖಂಡ್' ಎಂಬುದು ಡಾಂಭಿಕತೆಗೇ ಪರ್ಯಾಯವಾಗಿ ನಿಂತಿತು. ಅನ್ಯರ ನಂಬಿಕೆಯನ್ನು ನಂಬಿಕೆಯೆಂದು ಒಪ್ಪದೆ ನಟನೆಯೆಂದು ಕಾಣುವ ಚಾಳಿಯ ಗುರುತು ಈ ಪದದ ಮೇಲೆ ಉಳಿದಿದೆ. ಆದ್ದರಿಂದ ಅದರ ಪತನ ಗ್ರೀಕ್ ಪದದ ಪತನಕ್ಕಿಂತ ಹೆಚ್ಚು ದುಃಖದ ಸಂಗತಿ.

ಧರ್ಮಶಾಸ್ತ್ರ ಮತ್ತು ಇತಿಹಾಸಗಳು ಇದೇ ದೋಷವನ್ನು ಪ್ರಾಣಿಗಳ ಮೂಲಕ ಹಿಡಿದವು. ಮನುಸ್ಮೃತಿಯ 4ನೆಯ ಅಧ್ಯಾಯವು ಧರ್ಮದ ಬಾವುಟ ಹಿಡಿದು ತಿರುಗುವ ಲೋಭಿಯನ್ನು 'ಬೈಡಾಲವ್ರತಿಕ', ಅಂದರೆ ಬೆಕ್ಕಿನ ವ್ರತದವನು ಎಂದೂ, ಕಣ್ಣು ತಗ್ಗಿಸಿ ಸ್ವಾರ್ಥ ಸಾಧಿಸುವವನನ್ನು ಬಕದ, ಅಂದರೆ ಕೊಕ್ಕರೆಯ ನಡತೆಯವನು ಎಂದೂ ಹೆಸರಿಸುತ್ತದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗೆಯ ದಡದಲ್ಲಿ ತೋಳೆತ್ತಿ ತಪಸ್ಸು ಮಾಡಿ, ನಂಬಿ ಬಂದ ಇಲಿಗಳನ್ನು ಒಂದೊಂದಾಗಿ ನುಂಗಿದ ಬೆಕ್ಕಿನ ಕಥೆ ಬರುತ್ತದೆ. ಅದನ್ನು ಉಲೂಕನ ಮೂಲಕ ಹೇಳಿಕಳಿಸುವವನು ದುರ್ಯೋಧನ, ಕೇಳಬೇಕಾದವನು ಧರ್ಮರಾಯ. ಡಾಂಭಿಕತೆಯ ಆರೋಪವನ್ನು ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಎಸೆಯಬಹುದೆಂಬುದನ್ನು ವ್ಯಾಸರು ಅಷ್ಟು ಹಿಂದೆಯೇ ಕಂಡಿದ್ದರು. ಮಾಮಲ್ಲಪುರದಲ್ಲಿ ಪಲ್ಲವರು 7ನೆಯ ಶತಮಾನದಲ್ಲಿ ಕೆತ್ತಿಸಿದ ದೊಡ್ಡ ಬಂಡೆಯುಬ್ಬುಶಿಲ್ಪದಲ್ಲಿ, ಮೇಲೆ ಒಂಟಿ ಕಾಲಲ್ಲಿ ನಿಂತ ನಿಜ ತಪಸ್ವಿ, ಕೆಳಗೆ ಹಿಂಗಾಲ ಮೇಲೆ ನಿಂತು ಮುಂಗಾಲೆತ್ತಿದ ಬೆಕ್ಕು, ಅದರ ಸುತ್ತ ಇಲಿಗಳು, ಎಲ್ಲವೂ ಒಂದೇ ಬಂಡೆಯಲ್ಲಿವೆ. ಭಂಗಿ ಇಬ್ಬರದೂ ಒಂದೇ. ಇಲಿಗಳಿಗೆ ವ್ಯತ್ಯಾಸ ತಿಳಿಯದು. ಭಗವದ್ಗೀತೆಯ 3ನೆಯ ಅಧ್ಯಾಯ ಮಾತ್ರ ಇಲಿಗಳನ್ನೂ ದೂರವಿರಿಸಿ ವಿಷಯವನ್ನು ಇನ್ನೂ ಒಳಕ್ಕೆ ಒಯ್ಯುತ್ತದೆ: ಕೈಕಾಲುಗಳನ್ನು ಕಟ್ಟಿಹಾಕಿ ಮನಸ್ಸಿನಲ್ಲಿ ವಿಷಯಸುಖವನ್ನೇ ಮೆಲುಕು ಹಾಕುವವನು, ಯಾರನ್ನೂ ವಂಚಿಸದಿದ್ದರೂ, ಅದರ ಪರಿಭಾಷೆಯಲ್ಲಿ 'ಮಿಥ್ಯಾಚಾರ'.

ಇನ್ನು ಕನ್ನಡದ 'ವೇಷಧಾರಿ'. ಗ್ರೀಕ್ 'ಹುಪೊಕ್ರಿಟೆಸ್' ಪದಕ್ಕೆ ಇಷ್ಟು ನಿಕಟವಾದ ಜೋಡಿ ಸಿಗುವುದು ಕಷ್ಟ, ಏಕೆಂದರೆ ನಟ ಮತ್ತು ಡಾಂಭಿಕ ಎಂಬ ಎರಡೂ ಅರ್ಥಗಳು ಇದರಲ್ಲಿ ಇಂದಿಗೂ ಜೀವಂತವಾಗಿವೆ. ರಾಜಕೀಯ ವೇದಿಕೆಯಲ್ಲಿ ಒಬ್ಬನನ್ನು ವೇಷಧಾರಿ ಎಂದರೆ ಮಾನ ಕಳೆದಂತೆ. ಕರಾವಳಿಯ ಯಕ್ಷಗಾನ ವಲಯದಲ್ಲಿ ಒಬ್ಬರನ್ನು ಹಿರಿಯ ವೇಷಧಾರಿ ಎಂದರೆ ಸನ್ಮಾನಪತ್ರದಲ್ಲಿ ಬರೆಯುವ ಬಿರುದು. ಅಲ್ಲಿ ಸ್ತ್ರೀವೇಷ, ಪುಂಡುವೇಷ, ರಾಜವೇಷ, ಬಣ್ಣದ ವೇಷ ಎಂಬುವು ಕಲಾವಿದನ ಪರಿಣತಿಯ ವಿಭಾಗಗಳು. ಆಟದ ರಾತ್ರಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಬಿಡಾರದಲ್ಲಿ, ದೇವರ ದೀಪದ ಸಮ್ಮುಖದಲ್ಲಿ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕುಳಿತ ಕಲಾವಿದರು ಕೈಗನ್ನಡಿ ಹಿಡಿದು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಕೆನ್ನೆಯ ಮೇಲೆ ಮುಳ್ಳಿನಂತೆ ಎದ್ದು ನಿಲ್ಲುವ ಹಾಗೆ ಗಂಟೆಗಟ್ಟಲೆ ಒಂದೊಂದೇ ಚುಕ್ಕಿಯಾಗಿ ಇಡುತ್ತಾರೆ. ಊರಿನ ಮಕ್ಕಳು ಚೌಕಿಯ ಬದಿಯಲ್ಲಿ ಇಣುಕಿ, ಪರಿಚಯದ ಮುಖವೊಂದು ಕಣ್ಣೆದುರೇ ರಾವಣನ ಮುಖವಾಗುವುದನ್ನು ನೋಡುತ್ತಾರೆ, ಆಮೇಲೆ ಅದೇ ಮಕ್ಕಳು ರಂಗಸ್ಥಳದ ಮುಂದೆ ಕುಳಿತು ಆ ರಾವಣನಿಗೆ ಹೆದರುತ್ತಾರೆ. ಬೆಳಗಿನ ಮಂಗಳವಾದ ಮೇಲೆ ತೆಂಗಿನೆಣ್ಣೆ ಸವರಿ ಒರೆಸಿದರೆ ರಾವಣನಿಲ್ಲ. ಇದರಲ್ಲಿ ಮುಚ್ಚುಮರೆ ಎಂಬುದು ಎಲ್ಲಿಯೂ ಇಲ್ಲ.

ಹೀಗಿದ್ದೂ ಬಣ್ಣ ಬಯಲಾಯಿತು, ವೇಷ ಕಳಚಿತು, ಸೋಗು ಹಾಕಿದ, ನಾಟಕ ಆಡಿದ ಎಂದು ಮೋಸಗಾರನನ್ನು ಕುರಿತ ಕನ್ನಡದ ಮಾತುಗಳೆಲ್ಲ ಕಲಾವಿದನ ಪೆಟ್ಟಿಗೆಯಿಂದಲೇ ಎತ್ತಿಕೊಂಡವು. ಉತ್ತರ ಕರ್ನಾಟಕದಲ್ಲಿ ಹಾಡು ಹಗಲಲ್ಲೇ ಪುರಾಣದ ಪಾತ್ರಗಳ ವೇಷ ಹಾಕಿ ಮನೆಮನೆಯ ಮುಂದೆ ಆಡಿ ತೋರಿಸಿ ಹೊಟ್ಟೆ ಹೊರೆದ ಅಲೆಮಾರಿ ಹಗಲುವೇಷಗಾರರ ಕಸುಬಿನ ಹೆಸರೂ ಅದೇ ಗತಿಗೆ ಬಂದು, 'ಹಗಲುವೇಷ' ಎಂಬುದು ನಾಚಿಕೆಗೆಟ್ಟ ವಂಚನೆಗೆ ಇನ್ನೊಂದು ಹೆಸರಾಯಿತು. ಕಲಾವಿದನ ಅನ್ನದ ಪದವನ್ನು ಮೋಸಗಾರನ ಕೊರಳಿಗೆ ಕಟ್ಟುವಾಗ ಕಲಾವಿದನ ಮೇಲೆ ಎಂಥ ಅನ್ಯಾಯವಾಗುತ್ತದೆ ಎಂಬುದನ್ನು ಭಾಷೆ ಯೋಚಿಸುವುದಿಲ್ಲ, ಬಳಸುವವರಾದರೂ ಯೋಚಿಸಬೇಕು. 12ನೆಯ ಶತಮಾನದ ಶರಣರು ಹೊಟ್ಟೆಪಾಡಿಗಾಗಿ ಲಾಂಛನ ಧರಿಸಿದವರನ್ನು ನಿಷ್ಠುರವಾಗಿ ಖಂಡಿಸಿದವರು. ಅದೇ ಶರಣರ ನಡುವೆ ವೇಷ ಹಾಕುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯನಿಗೆ ವಚನಕಾರನ ಸ್ಥಾನವಿತ್ತು. ಯಾವ ವೇಷ ಕಾಯಕ, ಯಾವ ವೇಷ ಕಪಟ ಎಂಬ ವಿವೇಚನೆ ಅವರಿಗೆ ಸ್ಪಷ್ಟವಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಈ ವಿವೇಚನೆ ಇಂದು ಇನ್ನೊಂದು ದಿಕ್ಕಿನಲ್ಲಿ ಮಸುಕಾಗುತ್ತಿದೆ. ಆಡಿದಂತೆ ನಡೆಯಲಾಗದ ಪ್ರತಿಯೊಬ್ಬನನ್ನೂ 'ಹಿಪಾಕ್ರಿಟ್' ಎಂದು ಕರೆಯುವ ರೂಢಿ ಬೆಳೆದಿರುವುದರಿಂದ, ದೌರ್ಬಲ್ಯಕ್ಕೂ ಡಾಂಭಿಕತೆಗೂ ನಡುವಿನ ಗೆರೆ ಅಳಿಸುತ್ತ ಬಂದಿದೆ. ಕುಡಿತ ಕೆಟ್ಟದ್ದೆಂದು ಮನಸಾರೆ ನಂಬಿ, ಮಕ್ಕಳಿಗೂ ಹಾಗೆಯೇ ಹೇಳಿ, ತಾನು ಮಾತ್ರ ಅದನ್ನು ಬಿಡಲಾಗದೆ ಸೋಲುವ ತಂದೆ ನುಡಿದಂತೆ ನಡೆಯದವನೇ ಹೌದು. ಆದರೆ ಅವನು ಯಾರ ಮುಂದೆಯೂ ಕುಡಿಯದವನ ಪಾತ್ರ ಕಟ್ಟುತ್ತಿಲ್ಲ. 'ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ' ಎಂಬ ಗಾದೆಯ ಪುರಾಣಿಕ ಬೇರೆ ಬಗೆಯವನು. ಬದನೆಕಾಯಿ ನಿಷಿದ್ಧವೆಂದು ಸಭೆಯಲ್ಲಿ ಹೇಳಿದ್ದನ್ನು ಕೇಳಿ ಹೆಂಡತಿ ಅಡುಗೆಯಲ್ಲಿ ಅದನ್ನು ಬಿಟ್ಟಾಗ, ಪುರಾಣದ ಬದನೆಕಾಯಿಯೇ ಬೇರೆ, ತಿನ್ನುವ ಬದನೆಕಾಯಿಯೇ ಬೇರೆ ಎಂದು ಅವನು ತಿದ್ದುತ್ತಾನೆ. ತಂದೆಗೆ ತನ್ನ ಮಾತು ನಿಜವೆಂದು ಗೊತ್ತಿದೆ, ಅದಕ್ಕೇ ಅವನು ನರಳುತ್ತಾನೆ; ಪುರಾಣಿಕನಿಗೆ ತನ್ನ ಮಾತು ಕೇಳುಗರಿಗೆ ಮಾತ್ರ ಎಂಬುದು ಗೊತ್ತಿದೆ. ಇಬ್ಬರಿಗೂ ಒಂದೇ ಪದ ಹಚ್ಚಿದರೆ, ಸೋತವನು ಆದರ್ಶವನ್ನು ಹೇಳುವುದನ್ನೇ ನಿಲ್ಲಿಸುತ್ತಾನೆ, ನಟಿಸುವವನಿಗೆ ಎಲ್ಲರೂ ಹೀಗೆಯೇ ಎಂಬ ಸಮಾಧಾನ ಸಿಗುತ್ತದೆ.

ಕೊನೆಗೆ ಆಷಾಢಭೂತಿಯ ಮಾತು. ಪಂಚತಂತ್ರದಲ್ಲಿ ಈತ ದೇವಶರ್ಮನೆಂಬ ಸಂನ್ಯಾಸಿಯ ಹಣದ ಮೇಲೆ ಕಣ್ಣಿಟ್ಟು, ಶಿಷ್ಯನಾಗಿ ಸೇರಿ, ಕಾಲೊತ್ತಿ ಸೇವೆ ಮಾಡಿ ನಂಬಿಕೆ ಗಳಿಸಿ, ಗುರು ಟಗರುಗಳ ಕಾಳಗ ನೋಡುತ್ತ ಮೈಮರೆತಿದ್ದಾಗ ಗಂಟನ್ನು ಎತ್ತಿಕೊಂಡು ಹೋಗುವ ಧೂರ್ತ. ಕನ್ನಡದಲ್ಲಿ ಈ ಅಂಕಿತನಾಮ ಸಾಮಾನ್ಯನಾಮವಾಗಿ ಎಷ್ಟು ಬೇರೂರಿತೆಂದರೆ, ಫ್ರಾನ್ಸಿನಲ್ಲಿ 1664ರಲ್ಲಿ ಮೊದಲು ಪ್ರಯೋಗಗೊಂಡು ನಿಷೇಧಕ್ಕೆ ಒಳಗಾಗಿ 1669ರಲ್ಲಿ ಬಿಡುಗಡೆ ಪಡೆದ ಮೊಲಿಯೇರನ 'ತಾರ್ತೂಫ್' ನಾಟಕವನ್ನು ಎ.ಎನ್. ಮೂರ್ತಿರಾಯರು ಕನ್ನಡಕ್ಕೆ ಒಗ್ಗಿಸಿಕೊಂಡಾಗ ಅದಕ್ಕೆ 'ಆಷಾಢಭೂತಿ' ಎಂಬ ಹೆಸರು ಸಹಜವಾಗಿ ಒದಗಿತು; ಫ್ರೆಂಚಿನಲ್ಲಿ ತಾರ್ತೂಫನ ಹೆಸರೂ ಹಾಗೆಯೇ ಡಾಂಭಿಕನಿಗೆ ಸಾಮಾನ್ಯನಾಮವಾಗಿತ್ತು. ಆದರೆ ಇದೇ ಹೆಸರಿನ ಇನ್ನೊಬ್ಬ ಜೈನರ ಕಥಾಪರಂಪರೆಯಲ್ಲಿದ್ದಾನೆ. ಮುನಿಗಳು ಆಹಾರ ಸ್ವೀಕರಿಸುವ ನಿಯಮಗಳನ್ನು ಹೇಳುವ 'ಪಿಂಡನಿರ್ಯುಕ್ತಿ' ಎಂಬ ಪ್ರಾಕೃತ ಗ್ರಂಥದಲ್ಲಿ, ಮಾಯೆಯಿಂದ ಪಡೆದ ಭಿಕ್ಷೆಗೆ ಉದಾಹರಣೆಯಾಗಿ ಅವನ ಕಥೆ ಬರುತ್ತದೆ. ರಾಜಗೃಹದಲ್ಲಿ ನಟನೊಬ್ಬನ ಮನೆಗೆ ಭಿಕ್ಷೆಗೆ ಹೋದ ಈ ಮುನಿ ಒಂದು ಲಾಡು ಪಡೆದು, ಇದು ಗುರುಗಳ ಪಾಲಾಗುತ್ತದಲ್ಲ ಎಂದುಕೊಂಡು ಒಕ್ಕಣ್ಣನಾಗಿ ಮತ್ತೆ ಹೋಗುತ್ತಾನೆ; ಅದೂ ಬೇರೆಯವರ ಪಾಲಾದೀತೆಂದು ಗೂನನಾಗಿ ಹೋಗುತ್ತಾನೆ. ಮಾಳಿಗೆಯಿಂದ ಇದನ್ನೆಲ್ಲ ನೋಡುತ್ತಿದ್ದ ಮನೆಯ ಯಜಮಾನ ಸಿಟ್ಟಾಗಲಿಲ್ಲ. ಇವನು ಎಂಥ ನಟನಾಗಬಲ್ಲ ಎಂದು ಬೆರಗಾದ. ಅವನ ಹೆಣ್ಣುಮಕ್ಕಳ ಮೋಹಕ್ಕೆ ಸಿಕ್ಕ ಆಷಾಢಭೂತಿ ದೀಕ್ಷೆಯನ್ನು ಬಿಟ್ಟು ನಟನಾಗುತ್ತಾನೆ. ಆ ಸಂಸಾರದಲ್ಲಿ ಬೇಸತ್ತು ಹೊರಡುವ ಮುನ್ನ, ಹೆಂಡಿರ ಜೀವನಕ್ಕೊಂದು ದಾರಿಯಾಗಲೆಂದು ಭರತ ಚಕ್ರವರ್ತಿಯ ನಾಟಕವನ್ನು ಕಟ್ಟಿ ತಾನೇ ಭರತನ ಪಾತ್ರ ಮಾಡುತ್ತಾನೆ. ಕನ್ನಡಿಗಳ ಮನೆಯಲ್ಲಿ ಬೆರಳಿನ ಉಂಗುರ ಜಾರಿ ಬಿದ್ದು, ಬರಿ ಬೆರಳನ್ನು ಕಂಡು ಭರತನಿಗೆ ವೈರಾಗ್ಯ ಹುಟ್ಟುವ ದೃಶ್ಯವನ್ನು ಅಭಿನಯಿಸುತ್ತಿರುವಾಗ, ಅಭಿನಯಿಸುತ್ತಿದ್ದವನಿಗೇ ವೈರಾಗ್ಯ ಹುಟ್ಟಿತು. ಜೊತೆಗಿದ್ದ 500 ರಾಜಪುತ್ರರು ಅವನೊಂದಿಗೆ ದೀಕ್ಷೆ ಪಡೆದು ನಡೆದರು. ಹೀಗೆಯೇ ಆದರೆ ನಾಡಿನಲ್ಲಿ ಕ್ಷತ್ರಿಯರೇ ಉಳಿಯುವುದಿಲ್ಲವೆಂದು ಹೆದರಿದ ಜನ ಆ ನಾಟಕದ ಹೊತ್ತಿಗೆಯನ್ನು ಬೆಂಕಿಗೆ ಹಾಕಿದರು.